ಕಟ್ಟೆಯ ಹರಕೆ, ಮಂಗಟ್ಟೆಯ ಬಾಣಂತನ

ದೆಹಲಿಯ ದ್ವಾರಕಾದ ಯಾವ ಹೌಸಿಂಗ್ ಸೊಸೈಟಿಗೆ ಬೇಕಾದರೂ ಹೋಗಿ ನೋಡಿ, ಹಿಂಬದಿಯಲ್ಲಿ ಯಾರಿಗೂ ಬೇಡದ ಒಂದು ಮೂಲೆ ಇದ್ದೇ ಇರುತ್ತದೆ. ಮುರಿದ ಕುರ್ಚಿ, ಯಾರೋ ಬಿಸಾಡಿದ ಕೂಲರ್, ಅದರ ಸುತ್ತ ಆಳೆತ್ತರದ ಗಿಡಗಂಟಿ. ಸೊಳ್ಳೆ ಹೆಚ್ಚಾದರೆ ಆ ಮೂಲೆಯದೇ ತಪ್ಪು. ಹಾವು ಕಂಡೆ ಎಂದು ಯಾರಾದರೂ ಹೇಳಿದರೆ ಅದೂ ಆ ಮೂಲೆಯದೇ ತಪ್ಪು. ಮೀಟಿಂಗಿನಲ್ಲಿ ಬೇರೆ ಯಾವ ಮಾತಿಗೂ ಒಪ್ಪದ ಜನ, ಆ ಮೂಲೆ ಕ್ಲೀನ್ ಮಾಡಿಸಬೇಕು ಎಂದರೆ ಮಾತ್ರ ಒಟ್ಟಿಗೆ ಕೈ ಎತ್ತುತ್ತಾರೆ.

ವೈಜಯಂತಿಯವರ ಸೊಸೈಟಿಯಲ್ಲೂ ಅಂಥದ್ದೊಂದು ಮೂಲೆಯಿತ್ತು. ಅಲ್ಲಿ ಒಂದು ದೊಡ್ಡ ಅರಳಿ ಮರವೂ ಇತ್ತು. ಸೊಸೈಟಿ ಕಟ್ಟುವುದಕ್ಕೆ ಎಷ್ಟೋ ಮೊದಲಿನ ಮರ. ಅದರ ಬುಡದಿಂದ ಶುರುವಾಗುವ ಪೊದೆಗಳ ಸಾಲು ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಸಾಗಿ, ಹಿಂದಿನ ನಾಲಾ ಎಂಬ ಚರಂಡಿ ಕಾಲುವೆಯ ದಡ ಹಿಡಿದು, ರಸ್ತೆಯಾಚೆಯ ಕುರುಚಲು ಕಾಡನ್ನು ಮುಟ್ಟುತ್ತಿತ್ತು. ನೋಡುವವರ ಕಣ್ಣಿಗೆ ಅದು ಕಸ. ವೈಜಯಂತಿಯವರ ಕಣ್ಣಿಗೂ ಕಸವೇ.

ತುಮಕೂರಿನ ಕಡೆಯ ಈ ಹೆಂಗಸು ದೆಹಲಿಗೆ ಬಂದು ಅರ್ಧ ಆಯುಸ್ಸು ಕಳೆದಿದ್ದರು. ಗಂಡ ಮುರಳೀಧರ ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು. ವೈಜಯಂತಿ ಸೊಸೈಟಿಯ ಕನ್ನಡ ಮಹಿಳಾ ಮಂಡಳಿಗೆ ಅಧ್ಯಕ್ಷೆ. ಊರಿನ ತಿಂಡಿ, ಊರಿನ ಹಾಡು ಎಲ್ಲವನ್ನೂ ದ್ವಾರಕಾಕ್ಕೆ ತಂದಿದ್ದರೂ ಒಂದು ಕೊರಗು ಮಾತ್ರ ಹೋಗಿರಲಿಲ್ಲ. ಸೋಮವಾರ ಅಮಾವಾಸ್ಯೆ ಬಂದರೆ ಪ್ರದಕ್ಷಿಣೆ ಹಾಕಲು ಒಂದು ಅಶ್ವತ್ಥಕಟ್ಟೆ ಇರಲಿಲ್ಲ. ಮರವೇನೋ ಇತ್ತು, ಸುತ್ತಲು ಜಾಗ ಇರಲಿಲ್ಲ.

ಈ ವರ್ಷ ಆ ಕೊರಗು ಹರಕೆಯಾಯಿತು. ನೋಯ್ಡಾದಲ್ಲಿ ಗಂಡ ಸಂದೀಪ್ ಜೊತೆಗಿದ್ದು ಐಟಿ ಕೆಲಸ ಮಾಡುವ ಮಗಳು ಹರ್ಷಿಣಿಗೆ ಹಿಂದೊಮ್ಮೆ ಗರ್ಭ ನಿಂತಿರಲಿಲ್ಲ. ಮತ್ತೆ ಬಸುರಿಯಾದಾಗ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದರು. ಆ ದಿನ ವೈಜಯಂತಿ ಅರಳಿ ಮರದ ಮುಂದೆ ಹೋಗಿ ಕೈಮುಗಿದು ನಿಂತರು. ಹೆರಿಗೆಗೆ ಮುಂಚೆ ನಿನಗೆ ಕಟ್ಟೆ ಕಟ್ಟಿಸುತ್ತೇನೆ, ಹುಟ್ಟಿದ ಕೂಸನ್ನು ಅದೇ ಕಟ್ಟೆಯ ಮೇಲೆ ಮಲಗಿಸುತ್ತೇನೆ, ನನ್ನ ಮಗಳನ್ನು ಕಾಪಾಡು ಎಂದು ಬೇಡಿಕೊಂಡರು. ತಾಯಿಯಾದವಳ ಹರಕೆ ಅದು, ನಗುವಂಥದ್ದಲ್ಲ.

ಸೊಸೈಟಿಯ ಕಮಿಟಿ ಒಂದೇ ಮಾತಿಗೆ ಒಪ್ಪಿತು. ಪೊದೆಯೂ ಹೋಗುತ್ತದೆ, ಚೆಂದದ ಟೈಲ್ಸ್ ಹಾಕಿದ ಕಟ್ಟೆಯೂ ಬರುತ್ತದೆ, ಮುದುಕರಿಗೆ ಬೆಂಚೂ ಆಗುತ್ತದೆ. ಮೇ ತಿಂಗಳ ಉರಿಬಿಸಿಲಲ್ಲಿ ಗುತ್ತಿಗೆ ಹಿಡಿದ ಠೇಕೇದಾರನ ಆಳುಗಳು ಬಂದು ನಾಲಾದ ಕಡೆಯಿಂದ ಸವರಲು ಶುರುಮಾಡಿದರು. ಎರಡೇ ದಿನಕ್ಕೆ ಸಾಲಿನ ನಡುವೆ ಒಂದು ಬೋಳು ಜಾಗ ಎದ್ದು ಕಂಡಿತು.

ಅದೇ ಸಂಜೆ ಅದಿತಿ ಬಂದು ಬಾಗಿಲು ತಟ್ಟಿದಳು. ಅದಿತಿ ಚಿತ್ರದುರ್ಗದ ಹುಡುಗಿ. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಕಾಡುಮರಗಳ ಮೇಲೆ ಸಂಶೋಧನೆ ಮಾಡುತ್ತ, ಅದೇ ಸೊಸೈಟಿಯಲ್ಲಿ ಗೆಳತಿಯರ ಜೊತೆ ಬಾಡಿಗೆಗೆ ಇದ್ದವಳು. ಭಾನುವಾರದ ಊಟ ವೈಜಯಂತಿಯವರ ಮನೆಯಲ್ಲೇ. ಹಾಗಾಗಿ ಮಾತಿಗೆ ಸಲುಗೆಯಿತ್ತು.

"ಆಂಟಿ, ಆ ಕೆಲಸ ಸ್ವಲ್ಪ ನಿಲ್ಲಿಸೋಕೆ ಆಗುತ್ತಾ?"

"ಯಾಕಮ್ಮ? ಅರಳಿ ಮರ ನಾವು ಮುಟ್ಟೋದೇ ಇಲ್ಲವಲ್ಲ. ಅದಕ್ಕೇ ಅಲ್ವಾ ಕಟ್ಟೆ ಕಟ್ತಿರೋದು. ಹೋಗ್ತಿರೋದು ಪೊದೆ ತಾನೇ," ಎಂದು ವೈಜಯಂತಿ ಅವಳ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟರು.

"ಮರ ಉಳೀತು ಅಂದ್ರೆ ಎಲ್ಲ ಉಳೀತು ಅಂತ ನಾವು ಅಂದ್ಕೋತೀವಿ ಆಂಟಿ. ಆದ್ರೆ ಆ ಪೊದೆಸಾಲು ಮರಕ್ಕೂ ಕಾಡಿಗೂ ನಡುವಿನ ದಾರಿ. ದಾರಿ ಕಡಿದ್ರೆ ಮರ ಒಂಟಿಯಾಗುತ್ತೆ."

ಪೇಪರ್ ಓದುತ್ತಿದ್ದ ಮುರಳೀಧರ ಕನ್ನಡಕದ ಮೇಲಿಂದ ನೋಡಿದರು. "ಮರ ಎಲ್ಲಿಗಮ್ಮ ಹೋಗಬೇಕು, ಅದಕ್ಕೆ ದಾರಿ ಬೇಕು ಅನ್ನೋಕೆ? ಮೆಟ್ರೋ ಹಿಡೀಬೇಕಾ?"

ಅದಿತಿ ನಕ್ಕಳು. "ಮರ ಹೋಗಲ್ಲ ಅಂಕಲ್, ಅದರ ಬೀಜ ಹೋಗಬೇಕು. ಹಣ್ಣು ಮರದ ಬುಡದಲ್ಲೇ ಬಿದ್ರೆ ಬೀಜ ಬದುಕೋದು ಕಷ್ಟ. ತಾಯಿಮರದ ನೆರಳು ಬಿಸಿಲು ಬಿಡಲ್ಲ, ಹುಳದ ಕಾಟ ಬೇರೆ. ಹಕ್ಕಿ ಹಣ್ಣು ತಿಂದು ದೂರ ಹೋಗಿ ಹಿಕ್ಕೆ ಹಾಕಿದ್ರೆ ಬೀಜಕ್ಕೆ ಹೊಸ ಜಾಗ ಸಿಗುತ್ತೆ. ಹಾಗೇ ಕಾಡಿನ ಬೀಜ ಇಲ್ಲಿಗೂ ಬರಬೇಕು."

"ಹಕ್ಕಿಗೆ ರೆಕ್ಕೆ ಇದೆಯಲ್ಲೇ, ಹಾರ್ಕೊಂಡು ಬರ್ಲಿ. ಪೊದೆ ಯಾಕೆ?" ವೈಜಯಂತಿ ಬಿಡಲಿಲ್ಲ.

"ಎಲ್ಲ ಹಕ್ಕಿಗೂ ಬಯಲು ದಾಟೋ ಧೈರ್ಯ ಇರಲ್ಲ ಆಂಟಿ. ಮೇಲೆ ಗಿಡುಗ, ಕೆಳಗೆ ಬೆಕ್ಕು. ಪೊದೆಯೊಳಗೇ ಓಡಾಡೋ ಚಿಕ್ಕ ಹಕ್ಕಿಗಳು ಬೋಳು ಜಾಗ ಸಿಕ್ಕಿದ್ರೆ ಅಲ್ಲೇ ನಿಂತುಬಿಡ್ತವೆ. ದೊಡ್ಡ ಹಕ್ಕಿಗಳು ದಾಟ್ತವೆ, ಆದ್ರೆ ಅವಕ್ಕೂ ಕೂರೋಕೆ, ತಿನ್ನೋಕೆ, ಗೂಡು ಮಾಡೋಕೆ ಮರ ಬೇಕು. ನಾಳೆ ಬೆಳಿಗ್ಗೆ ಒಂದು ಸಲ ನನ್ನ ಜೊತೆ ಬನ್ನಿ. ನೋಡಿ ಆಮೇಲೆ ನೀವು ಹೇಳಿದ ಹಾಗೆ."

"ನೋಡೋಣ ಬಿಡು," ಎಂದರು ವೈಜಯಂತಿ. ಆ ನೋಡೋಣದ ಅರ್ಥ ಆಗಲ್ಲ ಎಂದೇ. ಮಗಳ ದಿನಗಳು ಹತ್ತಿರ ಬರುತ್ತಿದ್ದವು. ಹರಕೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೋ ಎಂಬ ಹೆದರಿಕೆ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಹಕ್ಕಿಯ ಪಾಠ ಕೇಳುವ ಹೊತ್ತು ಅದಾಗಿರಲಿಲ್ಲ.

ಆದರೂ ಬೆಳಿಗ್ಗೆ ಹೋದರು. ಹುಡುಗಿ ಬೇಜಾರು ಮಾಡಿಕೊಂಡಾಳು ಎಂದು ಹೋದರು, ಅಷ್ಟೇ. ಆಳುಗಳು ಆಗಲೇ ಬಂದು ಮರದ ಹತ್ತಿರದ ಗಿಡಗಳಿಗೆ ಕೈಹಚ್ಚಿದ್ದರು. ಕಡಿಯುವ ಯಂತ್ರದ ಸದ್ದು ಕಿವಿಗಡಚಿಕ್ಕುತ್ತಿತ್ತು.

ಅದಿತಿ ಅರಳಿಯ ಕಾಂಡದ ಮೇಲ್ಭಾಗಕ್ಕೆ ಬೆರಳು ತೋರಿಸಿದಳು. ಹಿಂದೆಂದೋ ಕೊಂಬೆ ಮುರಿದಲ್ಲಿ ಒಂದು ಪೊಟರೆ. ಪೊಟರೆಯ ಬಾಯನ್ನು ಯಾರೋ ಮೆತ್ತಿ ಮುಚ್ಚಿದ ಹಾಗಿತ್ತು, ನಡುವೆ ಒಂದು ಸೀಳು ಮಾತ್ರ.

"ಅದರೊಳಗೆ ಹೆಣ್ಣು ಮಂಗಟ್ಟೆ ಇದೆ ಆಂಟಿ. ಇಲ್ಲಿಯವರು ಧನೇಶ್ ಅಂತಾರೆ. ಬೂದು ಬಣ್ಣ, ಬಾಗಿದ ದೊಡ್ಡ ಕೊಕ್ಕು. ಮೊಟ್ಟೆ ಇಡೋಕೆ ಒಳಗೆ ಹೋಗಿ ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತೆ. ಒಳಗೆ ಇರುವಾಗ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತೆ. ಹೊಸ ಗರಿ ಬರೋವರೆಗೂ ಹಾರೋಕೆ ಆಗಲ್ಲ. ಗಂಡು ಹೊರಗಿಂದ ಹಣ್ಣು ತಂದು ಆ ಸೀಳಲ್ಲಿ ಕೊಡಬೇಕು. ಅದೇ ಊಟ, ಅವಳಿಗೂ ಮರಿಗಳಿಗೂ."

ವೈಜಯಂತಿ ಕಣ್ಣು ಕಿರಿದು ಮಾಡಿ ಆ ಸೀಳನ್ನೇ ನೋಡಿದರು. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹತ್ತಿ ಇಟ್ಟು, ಬಾಗಿಲ ಬಳಿ ತಟ್ಟೆ ಇಡುವ ಮನೆಯಲ್ಲಿ ಹುಟ್ಟಿ ಬೆಳೆದವರು ಆಕೆ. ಯಾರೂ ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಅದಿತಿ ಗೂಡಿನ ನೇರ ಕೆಳಗೆ ಕೂತು ಕಡ್ಡಿಯಿಂದ ಮಣ್ಣು ಕೆದಕಿದಳು. "ಇಲ್ಲಿ ನೋಡಿ, ಗೂಡಿಂದ ಬಿದ್ದ ಬೀಜ. ಇದು ಅತ್ತಿ. ಇದು ಯಾವುದು ಹೇಳಿ."

ವೈಜಯಂತಿ ಬಗ್ಗಿ ನೋಡಿದರು. ಉಪ್ಪಿನಕಾಯಿ ಹಾಕಿದ ಕೈಗೆ ಆ ಬೀಜದ ಗುರುತು ಸಿಗದೆ ಹೋಗುತ್ತದೆಯೇ. "ಚಳ್ಳೆಹಣ್ಣು. ಇಲ್ಲಿ ಲಸೋಡಾ ಅಂತ ಮಾರ್ತಾರಲ್ಲ, ಅದು. ಆದ್ರೆ ನಮ್ಮ ಸೊಸೈಟಿಯಲ್ಲಿ ಚಳ್ಳೆ ಮರ ಇಲ್ಲವಲ್ಲ."

"ಇಲ್ಲ. ಕಾಡಿಂದ ಬಂದಿದ್ದು. ಇಲ್ಲಿ ಆಗಲೇ ಮೊಳಕೆ ಬಂದಿದೆ ನೋಡಿ. ಅಲ್ಲಿ ಬೇವು, ಆಚೆ ಅತ್ತಿ. ನೀವು ಪೊದೆ ಅಂತೀರಲ್ಲ ಆಂಟಿ, ಅದರಲ್ಲಿ ಅರ್ಧಕ್ಕರ್ಧ ಮರದ ಮಕ್ಕಳೇ. ಯಾರೂ ನೆಟ್ಟಿದ್ದಲ್ಲ. ಇಲ್ಲಿ ಟೈಲ್ಸ್ ಹಾಕಿದ್ರೆ ಹಕ್ಕಿ ತಂದ ಬೀಜ ಎಲ್ಲಿ ಬೀಳಬೇಕು?"

ಆಮೇಲೆ ಅವಳು ನಿಧಾನವಾಗಿ ಹೇಳಿದಳು. "ಕಾಡನ್ನ ರಸ್ತೆ, ಗೋಡೆ, ಪಾರ್ಕಿಂಗ್ ಅಂತ ತುಂಡು ತುಂಡು ಮಾಡ್ತೀವಿ. ಮರ ನಿಂತಿರುತ್ತೆ, ನೋಡೋರಿಗೆ ಕಾಡು ಇದ್ದ ಹಾಗೇ ಕಾಣುತ್ತೆ. ಆದ್ರೆ ಹಕ್ಕಿ ಕಡಿಮೆ ಆಗಿರುತ್ತೆ, ಹೊಸ ಗಿಡ ಹುಟ್ತಾ ಇರಲ್ಲ. ಹಳೇ ಮರ ಬಿದ್ದ ಜಾಗ ಖಾಲಿ ಉಳಿಯುತ್ತೆ. ನಮ್ಮ ಪಶ್ಚಿಮ ಘಟ್ಟದ ಕಡೆಯೂ ಇದೇ ಕಥೆ. ದೊಡ್ಡ ಬೀಜದ ಹಣ್ಣು ನುಂಗೋಕೆ ದೊಡ್ಡ ಕೊಕ್ಕಿನ ಹಕ್ಕಿ ಬೇಕು. ಕಾಡು ತುಂಡಾದಾಗ ಮೊದಲು ಜಾಗ ಬಿಡೋದು ಸಾಮಾನ್ಯವಾಗಿ ಅಂಥ ಹಕ್ಕಿಗಳೇ."

"ನನಗೆ ಎಲ್ಲ ಅರ್ಥ ಆಯ್ತು ಕಣೇ," ವೈಜಯಂತಿಯವರ ದನಿ ಸಣ್ಣದಾಯಿತು. "ಆದ್ರೆ ನಾನು ಹರಕೆ ಹೊತ್ತಿದೀನಿ. ದೇವರಿಗೆ ಕೊಟ್ಟ ಮಾತು."

ಅದಿತಿ ಕಡ್ಡಿ ಬಿಸಾಡಿ, ಕೈ ಒರೆಸಿಕೊಂಡು ಎದ್ದಳು. ಜಾಣ ಹುಡುಗಿ. ಹರಕೆಯ ಬಗ್ಗೆ ವಾದ ಮಾಡಬಾರದು ಎಂಬಷ್ಟು ತಿಳಿವಳಿಕೆ ಅವಳಿಗಿತ್ತು. ತರಗತಿಗೆ ಹೊತ್ತಾಯಿತು ಎಂದು ಹೊರಟುಹೋದಳು.

ವೈಜಯಂತಿ ಮನೆಗೆ ಹೋಗಬಹುದಿತ್ತು. ಯಾಕೋ ಕಾಲು ಬರಲಿಲ್ಲ. ವಾಚ್‌ಮನ್ ಭಯ್ಯಾನ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು ಗೋಡೆಯ ನೆರಳಲ್ಲಿ ಕೂತರು. ಗಂಡು ಹಕ್ಕಿ ಬರುವುದನ್ನು ಒಂದು ಸಲ ನೋಡಿಬಿಡೋಣ ಎಂದು ಮೇಲೆ ಕಣ್ಣಿಟ್ಟರು.

ಅದು ಬರಲಿಲ್ಲ. ಯಂತ್ರದ ಸದ್ದು ನಿಲ್ಲುತ್ತಿರಲಿಲ್ಲ, ಮರದ ಕೆಳಗೆ ಆಳುಗಳ ಓಡಾಟವೂ ನಿಲ್ಲುತ್ತಿರಲಿಲ್ಲ. ಒಮ್ಮೆ ಗೋಡೆಯಾಚೆಯ ಬೇವಿನ ಮೇಲೆ ಬೂದು ಬಣ್ಣದ್ದೇನೋ ಬಂದು ಕೂತ ಹಾಗಾಯಿತು. ಕೊಕ್ಕಿನಲ್ಲಿ ಹಣ್ಣಿತ್ತು. ಅಷ್ಟರಲ್ಲಿ ಒಂದು ಗಿಡ ನೆಲಕ್ಕೆ ಬಿತ್ತು, ಹಕ್ಕಿ ಎದ್ದು ಕಾಡಿನ ಕಡೆಗೆ ಹಾರಿಹೋಯಿತು. ಇತ್ತ ಪೊಟರೆಯ ಸೀಳಿನಲ್ಲಿ ಕೊಕ್ಕಿನ ತುದಿ ಹೊರಗೆ ಬಂತು. ಸ್ವಲ್ಪ ಹೊತ್ತು ಹಾಗೇ ಇತ್ತು. ಒಳಗೆ ಹೋಯಿತು. ಮತ್ತೆ ಬಂತು.

ಬಿಸಿಲು ಏರಿತು. ವೈಜಯಂತಿ ಕುರ್ಚಿಯ ತುದಿಗೆ ಸರಿದು ಕೂತರು. ಮರಿಗಳಿರುವ ತಾಯಿ. ಹಾರಲು ರೆಕ್ಕೆಯಿಲ್ಲ, ಕೂಗಿ ಕೇಳಲು ಯಾರೂ ಇಲ್ಲ. ಹರಕೆ ಹೊತ್ತವಳು ನಾನು, ಉಪವಾಸ ಬಿದ್ದಿರುವುದು ಇದು ಎಂದು ಅನ್ನಿಸಿದ್ದೇ ಕಣ್ಣು ತುಂಬಿ ಬಂತು.

ಆಗಲೇ ಹರ್ಷಿಣಿಯ ಫೋನ್ ಬಂತು. "ಅಮ್ಮ, ಎಲ್ಲಿದೀಯಾ? ಏನಿದು ಇಷ್ಟು ಸದ್ದು?"

ವೈಜಯಂತಿ ಎಲ್ಲವನ್ನೂ ಹೇಳಿದರು. ಹರಕೆಯ ವಿಷಯ ಮಗಳಿಗೆ ಅದುವರೆಗೆ ಹೇಳಿರಲಿಲ್ಲ, ಅದನ್ನೂ ಹೇಳಿದರು.

"ಅಮ್ಮ," ಎಂದಳು ಹರ್ಷಿಣಿ. "ನಾನೂ ಒಂದು ಕೋಣೆಯಲ್ಲೇ ಇದೀನಿ. ಸಂದೀಪ್ ತಟ್ಟೆ ತಂದು ಕೊಟ್ರೆ ಊಟ, ಇಲ್ಲದಿದ್ರೆ ಇಲ್ಲ. ನಿನ್ನೆ ಅವನ ಮೀಟಿಂಗ್ ಲೇಟಾಯ್ತು, ಅಷ್ಟಕ್ಕೇ ನಂಗೆ ಅಳು ಬಂದುಬಿಡ್ತು. ನನಗೆ ಒಳ್ಳೇದಾಗ್ಲಿ ಅಂತ ಆ ಬಾಣಂತಿಯ ಊಟ ತಪ್ಪಿಸ್ತೀಯಾ? ಅಂಥ ಕಟ್ಟೆ ಮೇಲೆ ನನ್ನ ಮಗು ಮಲಗೋದು ಬೇಡಮ್ಮ."

ವೈಜಯಂತಿ ಫೋನ್ ಇಟ್ಟು ಎದ್ದರು. ನೇರವಾಗಿ ಠೇಕೇದಾರನ ಹತ್ತಿರ ಹೋದರು. "ಭಯ್ಯಾ, ಕಾಮ್ ಬಂದ್ ಕರೋ," ಎಂದು ಕೆಲಸ ನಿಲ್ಲಿಸಲು ಹೇಳಿದರು.

"ಯಾಕೆ ಆಂಟೀಜಿ? ಇವತ್ತು ಬುಡ ಸವರಿದ್ರೆ ನಾಳೆ ಸಿಮೆಂಟು," ಎಂದು ಅವನು ಹಿಂದಿಯಲ್ಲೇ ರಾಗ ಎಳೆದ.

"ಬೇಡ. ಮೇಲೆ ಬಾಣಂತಿ ಇದಾಳೆ. ಇವತ್ತಿನ ಕೂಲಿ ಕೊಡಿಸ್ತೀನಿ, ಎಲ್ಲರನ್ನೂ ಕರ್ಕೊಂಡು ಹೋಗು."

ಅವನಿಗೆ ಅರ್ಥವಾಯಿತೋ ಬಿಟ್ಟಿತೋ, ಯಂತ್ರವಂತೂ ನಿಂತಿತು. ಆಳುಗಳು ಹೊರಟುಹೋದರು. ಮೂಲೆ ತಣ್ಣಗಾಯಿತು. ವೈಜಯಂತಿ ಕುರ್ಚಿಯನ್ನು ಇನ್ನಷ್ಟು ದೂರಕ್ಕೆ ಎಳೆದುಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು ಕೂತರು. ಬಂದರೆ ಸಾಕು, ಬಂದರೆ ಸಾಕು ಎಂದು ಮನಸ್ಸು ಜಪ ಮಾಡುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಗೋಡೆಯಾಚೆಯ ಬೇವು ಅಲುಗಿತು. ಗಂಡು ಮಂಗಟ್ಟೆ ಅಲ್ಲಿಂದ ಇತ್ತ ಹಾರಿ, ಕೊಂಬೆಯಿಂದ ಕೊಂಬೆಗೆ ಜಿಗಿದು, ಪೊಟರೆಯ ಬಾಯಿಗೆ ಬಂದು ಆತುಕೊಂಡಿತು. ಕತ್ತು ಅಲುಗಿಸಿ ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನೊಳಗೆ ಕೊಟ್ಟಿತು. ಒಳಗಿನ ಕೊಕ್ಕು ಒಂದೊಂದನ್ನೂ ತೆಗೆದುಕೊಂಡಿತು.

ವೈಜಯಂತಿ ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿದ ಮೇಲೆ ಮರದ ಮುಂದೆ ಹೋಗಿ ನಿಂತರು. "ಕಟ್ಟೆ ಕಟ್ಟಿಸ್ತೀನಿ ಅಂದಿದ್ದೆ. ಕಟ್ಟಿಸಲ್ಲ. ನಿನ್ನ ಮನೆಯಲ್ಲಿರೋರನ್ನ ನೋಡ್ಕೋತೀನಿ. ಮಾತು ತಪ್ಪಿದ್ದು ನಾನು. ಸಿಟ್ಟಿದ್ರೆ ನನ್ನ ಮೇಲಿರಲಿ, ಮಗಳ ಮೇಲೆ ಬೇಡ," ಎಂದು ಕೈಮುಗಿದರು.

ಮನೆಯಲ್ಲಿ ಇನ್ನೊಂದು ಗುಡ್ಡ ಹತ್ತುವುದಿತ್ತು. ಮುರಳೀಧರ ಕಮಿಟಿಯ ಸದಸ್ಯರು. "ಪಾಸಾದ ರೆಸಲ್ಯೂಷನ್ನು ಹಕ್ಕಿಗೋಸ್ಕರ ವಾಪಸ್ ತಗೊಳ್ಳೋಕಾಗುತ್ತೇನೇ ವೈಜು? ಜನ ನಗ್ತಾರೆ."

ಸಂಜೆ ಬಂದ ಅದಿತಿ ಅವರ ಭಾಷೆಯಲ್ಲೇ ಮಾತಾಡಿದಳು. "ಅಂಕಲ್, ದೆಹಲಿಯಲ್ಲಿ ಮರ ಕಡಿಯೋಕೆ ಅನುಮತಿ ಬೇಕು ಅಂತ ಕಾನೂನಿದೆ. ಎಳೆಯ ಮರಕ್ಕೂ ಅನ್ವಯಿಸುತ್ತೆ. ಪೊದೆ ಅಂತ ಬರೆದುಬಿಟ್ರೆ ಮರ ಪೊದೆ ಆಗಲ್ಲ. ಮರದ ಬುಡದ ಸುತ್ತ ಒಂದು ಮೀಟರ್ ಸಿಮೆಂಟ್ ಹಾಕಬಾರದು ಅಂತಲೂ ಆದೇಶ ಇದೆ. ಬೇರಿಗೆ ನೀರು, ಗಾಳಿ ಹೋಗಬೇಕಲ್ಲ."

ಮುರಳೀಧರ ಪೇಪರ್ ಮಡಚಿ ಪಕ್ಕಕ್ಕಿಟ್ಟರು. "ಅಚ್ಛಾ. ರೂಲ್ ಇದೆಯಾ? ಮೊದಲೇ ಹೇಳಬಾರದಾ?"

"ಹಕ್ಕಿ ಹಸ್ಕೊಂಡಿದೆ ಅಂದ್ರೆ ಕೇಳಲ್ಲ, ರೂಲ್ ಅಂದ್ರೆ ಕಿವಿ ನೆಟ್ಟಗಾಗುತ್ತೆ ನಿಮಗೆ," ಎಂದರು ವೈಜಯಂತಿ.

"ಹಾಗಲ್ವೇ," ಎಂದು ಮುರಳೀಧರ ಕಿಟಕಿಯ ಕಡೆ ತಿರುಗಿದರು. "ಹರ್ಷಿಣಿ ನನಗೂ ಫೋನ್ ಮಾಡಿದ್ಲು. ಕಮಿಟಿಯವರ ಮುಂದೆ ಅದನ್ನ ಹೇಳೋಕಾಗುತ್ತಾ? ಅಲ್ಲಿಗೆ ರೂಲೇ ಬೇಕು."

ಭಾನುವಾರದ ಮೀಟಿಂಗಿನಲ್ಲಿ ಗದ್ದಲವೇನೂ ಕಡಿಮೆಯಾಗಲಿಲ್ಲ. ಸೊಳ್ಳೆಯ ಮಾತು ಬಂತು, ಹಾವಿನ ಮಾತು ಬಂತು. ಸೊಳ್ಳೆ ಹುಟ್ಟುವುದು ಕೂಲರಿನಲ್ಲಿ ನಿಂತ ನೀರಿನಲ್ಲಿ, ಎಲೆಯಲ್ಲಲ್ಲ ಎಂದು ಅದಿತಿ ಹೇಳಿದಳು. ಹಾಗಾದರೆ ಮುರಿದ ಸಾಮಾನು ತೆಗೆಸೋಣ, ಗಿಡ ಇರಲಿ ಎಂದು ಮುರಳೀಧರ ರೂಲಿನ ಸಮೇತ ಎದ್ದು ನಿಂತರು. ಒಪ್ಪಿದವರು ಒಪ್ಪಿದರು, ಮುಖ ದಪ್ಪ ಮಾಡಿಕೊಂಡವರು ಮಾಡಿಕೊಂಡರು. ಬೆಂಚುಗಳನ್ನು ಮುಂದಿನ ಗೇಟಿನ ಹತ್ತಿರ ಹಾಕುವುದೆಂದಾಯಿತು. ಸವರಿದ ಬೋಳು ಜಾಗದಲ್ಲಿ ಮಳೆ ಬಿದ್ದ ಕೂಡಲೇ ಚಳ್ಳೆ, ಅತ್ತಿ, ಬೇವು, ನೇರಳೆ ನೆಡುವ ಹೊಣೆ ಮಹಿಳಾ ಮಂಡಳಿ ಹೊತ್ತಿತು. ಗುಲಾಬಿ, ಕ್ರೋಟನ್ ಬೇಡವೇ ಎಂದು ಕೇಳಿದವರಿಗೆ ವೈಜಯಂತಿ, ಹಕ್ಕಿ ಕ್ರೋಟನ್ ತಿನ್ನಲ್ಲಮ್ಮ ಎಂದರು.

ಹೆರಿಗೆಯಾಗುವವರೆಗೆ ಆಕೆಗೆ ನೆಟ್ಟಗೆ ನಿದ್ದೆಯಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಮಾತು ತಪ್ಪಿದ ಭಯ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಜೂನ್ ಕೊನೆಯಲ್ಲಿ, ಮೊದಲ ಮಳೆ ಬಿದ್ದ ವಾರ, ನೋಯ್ಡಾದ ಆಸ್ಪತ್ರೆಯಲ್ಲಿ ಹರ್ಷಿಣಿಗೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಅದು ಡಾಕ್ಟರ ಜಾಣತನ ಮತ್ತು ಹರ್ಷಿಣಿಯ ತಾಳ್ಮೆ. ಆದರೆ ವೈಜಯಂತಿ ಫೋನ್ ಇಟ್ಟವರೇ ಮೊದಲು ಓಡಿದ್ದು ಹಿಂದಿನ ಮೂಲೆಗೆ.

ಪೊಟರೆಯ ಬಾಗಿಲು ಆಗಲೇ ಒಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಮೇಲೆ ಕೊಂಬೆಯಲ್ಲಿ ತಾಯಿ, ತಂದೆ, ಇನ್ನೂ ಪೂರ್ತಿ ಬೆಳೆಯದ ಕೊಕ್ಕಿನ ಎರಡು ಮರಿಗಳು ಸಾಲಾಗಿ ಕೂತಿದ್ದವು. ಒಂದು ಮರಿ ಹೆದರುತ್ತ ಹೆದರುತ್ತ ಗೋಡೆಯಾಚೆಯ ಬೇವಿಗೆ ಹಾರಿತು. ಅಲ್ಲಿ ಸ್ವಲ್ಪ ಸುಧಾರಿಸಿಕೊಂಡು ಮುಂದಿನ ಮರಕ್ಕೆ ಹೋಯಿತು. ಹಾಗೇ ಒಂದೊಂದೇ ಮರ ಹಿಡಿದು ಕಾಡಿನ ಕಡೆ ಹೋಗುವುದನ್ನು ವೈಜಯಂತಿ ಕಣ್ಣಿಗೆ ಕಾಣುವವರೆಗೂ ನೋಡುತ್ತ ನಿಂತರು. ಪೊದೆಯೆಂಬ ಹೆಸರಿನಲ್ಲಿ ನಡುವಿನ ಆ ಮರಗಳಿಗೂ ಅಂದು ಕೊಡಲಿ ಬೀಳುವುದಿತ್ತು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನೀವು ದ್ವಾರಕಾದಲ್ಲಿರಬಹುದು, ನೋಯ್ಡಾದಲ್ಲಿರಬಹುದು, ಮಾನೇಸರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿರಬಹುದು. ನಿಮ್ಮ ಹಿಂದಿನ ಮೂಲೆಯಲ್ಲೂ ಇಂಥದ್ದೊಂದು ಸಾಲು ಇದ್ದೀತು. ಪೂಜೆಯ ಮರ ಒಂದನ್ನು ಉಳಿಸಿ ಉಳಿದದ್ದನ್ನು ಸವರಿದರೆ ಪುಣ್ಯ ಬಂತೆಂದುಕೊಳ್ಳಬೇಡಿ. ಮರದ ಬುಡಕ್ಕೆ ಸಿಮೆಂಟ್ ಹಾಕಿಸಬೇಡಿ. ನೆಡುವುದಾದರೆ ಹಕ್ಕಿ ತಿನ್ನುವ ಹಣ್ಣಿನ, ಈ ನೆಲದ್ದೇ ಗಿಡ ನೆಡಿ, ಅದೂ ಎರಡು ಹಸಿರಿನ ನಡುವಿನ ಖಾಲಿ ಜಾಗದಲ್ಲಿ. ಕಡಿಯುವ ಮಾತು ಎದ್ದರೆ ಅನುಮತಿ ಎಲ್ಲಿ ಎಂದು ಮೀಟಿಂಗಿನಲ್ಲಿ ಎದ್ದು ಕೇಳಿ, ನಾಚಿಕೆ ಬೇಡ. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಆ ಮರದಿಂದ ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತು ಮೇಲೆ ನೋಡಿ. ಯಾರಾದರೂ ಊಟಕ್ಕೆ ಕಾಯುತ್ತಿರಬಹುದು.